ದೊಡ್ಡಪ್ಪನವರ ಯುದ್ಧಕಾಲದ ಕಾಗದಗಳನ್ನು ಸ್ಮರಣ ಸಂಚಿಕೆಯಲ್ಲಿ ಹೇಗೆ ಅಚ್ಚು ಹಾಕಬೇಕು?

ಪ್ರಶ್ನೆ: ಚಿಂತಾಮಣಿಯ ಓದುಗ

ನಮ್ಮ ದೊಡ್ಡಪ್ಪನವರು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯವರು. ಎಸ್.ಎಸ್.ಎಲ್.ಸಿ. ಮುಗಿದ ಮರುವರ್ಷವೇ ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಕೇಂದ್ರದಲ್ಲಿ ಸೈನ್ಯಕ್ಕೆ ಭರ್ತಿಯಾದರು. 1965ರ ಯುದ್ಧದ ವೇಳೆಗೆ ಅವರಿಗೆ ಇಪ್ಪತ್ತು ತುಂಬಿರಲಿಲ್ಲ; 1971ರ ಯುದ್ಧದ ವೇಳೆಗೆ ಮದುವೆಯಾಗಿ ಒಂದು ಮಗುವಿತ್ತು. ಪಿಂಚಣಿ ಪಡೆದು ಊರಿಗೆ ಮರಳಿದ ಮೇಲೆ, 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನಿಂತು ಗೆದ್ದು ಪ್ರಧಾನರಾದರು, ಅಂದರೆ ಮಂಡಲದ ಮುಖ್ಯಸ್ಥರಾದರು. ಅಧಿಕಾರ ಹೋದ ಮೇಲೂ ಕೆರೆ ಒತ್ತುವರಿಯ ಜಗಳ, ಶಾಲೆಯ ಕಟ್ಟಡ, ಹಾಲಿನ ಡೈರಿ ಎಂದು ಕೊನೆಯವರೆಗೂ ಸಾರ್ವಜನಿಕ ಕೆಲಸದಲ್ಲೇ ಇದ್ದರು. ಈಗ ಊರಿನ ಯುವಕರು ಅವರ ನೆನಪಿಗೆ ಒಂದು ಸಂಚಿಕೆ ತರಲು ಹೊರಟಿದ್ದಾರೆ, ಮತ್ತು ಅವರು ಯುದ್ಧಕಾಲದಲ್ಲಿ ಮನೆಗೆ ಬರೆದ ಕಾಗದಗಳನ್ನು ಅದರಲ್ಲಿ ಹಾಕಬೇಕೆಂದು ಕೇಳುತ್ತಿದ್ದಾರೆ.

ಕಾಗದಗಳು ತಗಡಿನ ಟ್ರಂಕಿನಲ್ಲಿ ಇಲ್ಲಿಯವರೆಗೆ ಚೆನ್ನಾಗಿಯೇ ಉಳಿದಿವೆ. ಹೆಚ್ಚಿನವು ನೀಲಿ ಇನ್‌ಲ್ಯಾಂಡ್ ಪತ್ರಗಳು, ಕೆಲವು ಲಕೋಟೆಯಲ್ಲಿ ಬಂದವು. ಇನ್‌ಲ್ಯಾಂಡ್ ಪತ್ರಗಳೆಲ್ಲವೂ ತಾತನವರ ಹೆಸರಿಗೆ, 'ತೀರ್ಥರೂಪರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಇತ್ತ ನಾನು ಕ್ಷೇಮ' ಎಂದೇ ಆರಂಭವಾಗುತ್ತವೆ. ಮನೆಯಲ್ಲಿ ನಾವೆಲ್ಲ ಆಡುವುದು ತೆಲುಗು, ಕಾಗದವಿರುವುದು ಶಾಲೆಯ ಕನ್ನಡದಲ್ಲಿ. ತಾತನವರಿಗೂ ಅಜ್ಜಿಗೂ ಓದು ಬರುತ್ತಿರಲಿಲ್ಲವಾದ್ದರಿಂದ ಊರಿನ ಮೇಷ್ಟ್ರು ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಿದ್ದರಂತೆ.

ನನ್ನನ್ನು ಕಾಡುತ್ತಿರುವುದು ಇದು. ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಬಾವುಟ ಹಾರಿಸಿ, ಶತ್ರುವಿನ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದ ಕಥೆಯನ್ನು ದೊಡ್ಡಪ್ಪ ಕಂಚಿನ ಕಂಠದಲ್ಲಿ ಹೇಳುತ್ತಿದ್ದರು. ಕಾಗದಗಳಲ್ಲಿ ಗುಂಡು ಎಂಬ ಮಾತೇ ಇಲ್ಲ. ಹಿಂಗಾರಿನಲ್ಲಿ ಕೆರೆ ಕೋಡಿ ಬಿತ್ತೇ, ಹೊಲದ ರಾಗಿ ತೆನೆ ಕಟ್ಟಿತೇ, ಎಮ್ಮೆ ಈಯಿತೇ, ತಂಗಿಯ ಮದುವೆಗೆ ಮಾಡಿದ ಸಾಲಕ್ಕೆ ಈ ತಿಂಗಳ ಬಡ್ಡಿ ಮುಟ್ಟಿತೇ, ಇಷ್ಟೇ. 1965ರ ಸೆಪ್ಟೆಂಬರ್ ಕೊನೆಯ ಒಂದು ಕಾಗದದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಲಾಗಿ, ನಮ್ಮ ತಂದೆಯವರಿಗೆಂದು ಬರೆದ ಒಂದು ಸಾಲಿದೆ: ರೇಡಿಯೋದಲ್ಲಿ ಏನು ಹೇಳಿದರೂ ಅಮ್ಮನ ಕಿವಿಗೆ ಹಾಕಬೇಡ. ಯುದ್ಧದ ಸುಳಿವು ಎಂದರೆ ಅದೊಂದೇ.

ಸಂಚಿಕೆಯವರು ಕಾಗುಣಿತ ತಿದ್ದಿ, ಸಾಲ, ಎಮ್ಮೆಗಳನ್ನು ತೆಗೆದು, ವೀರಯೋಧನ ಪತ್ರಗಳು ಎಂಬ ತಲೆಬರಹ ಕೊಡೋಣ ಎನ್ನುತ್ತಾರೆ. ಸಾಲ ಮಾಡಿದ್ದು ತಮ್ಮ ಮದುವೆಗೆ, ಅದು ಊರಿಗೆಲ್ಲ ತಿಳಿಯುವುದು ಬೇಡ ಎಂದು ನಮ್ಮ ಅತ್ತೆಯವರೂ ಹೇಳುತ್ತಿದ್ದಾರೆ. ನನಗೆ ಮಾತ್ರ ಪ್ರತಿ ಕಾಗದದಲ್ಲೂ ಕೆರೆಯನ್ನು ವಿಚಾರಿಸುವ ಆ ಹುಡುಗನಲ್ಲೇ ಮುಂದೆ ಕೆರೆಗಾಗಿ ಜಗಳವಾಡಿದ ಪ್ರಧಾನರು ಕಾಣುತ್ತಾರೆ. ಹಾಗೆಂದು ಬರೆಯಬಹುದೇ? ಇನ್ನೊಂದು ಸಂದೇಹ: ಅವರು ಬಾಂಗ್ಲಾ ಯುದ್ಧಕ್ಕೆ ಹೋಗಿದ್ದರೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ, ಆದರೆ ಕಾಗದಗಳಲ್ಲಿ 56 ಎ.ಪಿ.ಓ. (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ ಇದೆ. ಅದರಿಂದ ಏನಾದರೂ ತಿಳಿಯುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ನಿವೃತ್ತ ಸುಬೇದಾರ್, ಗೌರಿಬಿದನೂರು

56 ಎ.ಪಿ.ಓ. ಎಂಬುದರಿಂದ ಅವರು ನಿಂತಿದ್ದ ಜಾಗ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಆ ವ್ಯವಸ್ಥೆ. ಯೋಧನ ಸಂಖ್ಯೆ, ಹೆಸರು, ತುಕಡಿ, ಕೆಳಗೆ ಕೇರ್ ಆಫ್ 56 ಎ.ಪಿ.ಓ. ಎಂದು ಬರೆದರೆ ಕಾಗದವು ದೆಹಲಿಯಲ್ಲಿರುವ ಸೈನ್ಯದ ಮೂಲ ಅಂಚೆ ಕಚೇರಿಗೆ ಹೋಗಿ, ಆ ತುಕಡಿ ಅಂದು ಎಲ್ಲಿದೆಯೋ ಅಲ್ಲಿನ ಫೀಲ್ಡ್ ಪೋಸ್ಟ್ ಆಫೀಸಿಗೆ ಚೀಲದಲ್ಲಿ ರವಾನೆಯಾಗುತ್ತದೆ. ಪೂರ್ವದ ಕಡೆಯ ತುಕಡಿಗಳ ಟಪಾಲು ಸಾಮಾನ್ಯವಾಗಿ 99 ಎ.ಪಿ.ಓ. ಎಂದು ಕೋಲ್ಕತ್ತಾದ ಮೂಲಕ ಸಾಗುತ್ತಿತ್ತು. ಕಾಗದದ ಮೇಲಿನ ದುಂಡು ಮುದ್ರೆಯಲ್ಲಿ ಊರಿನ ಹೆಸರಿನ ಬದಲು ಒಂದು ಸಂಖ್ಯೆ ಮತ್ತು ತಾರೀಕು ಇರುತ್ತದೆ. ಅದನ್ನು ಭೂತಗನ್ನಡಿ ಹಿಡಿದು ಗುರುತು ಮಾಡಿಕೊಳ್ಳಿ, ಏಕೆಂದರೆ ಕಾಗದದಲ್ಲಿ ಅವರು ತಾರೀಕು ಬರೆಯುವುದನ್ನು ಮರೆತಿದ್ದರೂ ಮುದ್ರೆ ಮರೆತಿರುವುದಿಲ್ಲ. ಅಂಚೆಯ ಈ ಸಿಬ್ಬಂದಿ ಎರಡೂ ಯುದ್ಧಗಳ ಕಾಲದಲ್ಲಿ ಆರ್ಮಿ ಸರ್ವೀಸ್ ಕೋರ್ ಅಡಿಯಲ್ಲಿದ್ದರು, ಪ್ರತ್ಯೇಕ ಆರ್ಮಿ ಪೋಸ್ಟಲ್ ಸರ್ವೀಸ್ ಕೋರ್ ಆದದ್ದು 1972ರ ಮಾರ್ಚ್ 1ರಂದು.

ಪೂರ್ವವೋ ಪಶ್ಚಿಮವೋ ಎಂಬುದನ್ನು ಪದಕಗಳು ಹೇಳುತ್ತವೆ. 1971ರಲ್ಲಿ ಪೂರ್ವ ರಂಗದಲ್ಲಿ, ಅಂದರೆ ಬಾಂಗ್ಲಾ ಕಡೆ, ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. ಸಂಗ್ರಾಮ್ ಮೆಡಲ್ ಅದಕ್ಕಿಂತ ವಿಸ್ತಾರವಾಗಿ ಹಂಚಿದ್ದು, ಅದೊಂದರಿಂದ ರಂಗ ಗೊತ್ತಾಗುವುದಿಲ್ಲ. ಹಾಗೆಯೇ 1965ಕ್ಕೆ ರಣರಂಗದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್, ಉಳಿದವರಿಗೂ ಸಂದದ್ದು ರಕ್ಷಾ ಮೆಡಲ್. ಪದಕದ ಅಂಚಿನಲ್ಲಿ ಸಂಖ್ಯೆ, ಹೆಸರು ಕೊರೆದಿರುತ್ತಾರೆ. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರ ಮೂಲಕ ಬೆಂಗಳೂರಿನ ದಾಖಲೆ ಕಚೇರಿಗೆ ಬರೆದು ಕೇಳಬಹುದು. ಅವರು ಪಶ್ಚಿಮದಲ್ಲಿದ್ದರೆಂದು ತಿಳಿದುಬಂದರೆ ಮನೆಯವರು ಬೇಸರಪಡಬೇಕಾದ್ದೇನೂ ಇಲ್ಲ. ಪಶ್ಚಿಮ ರಂಗದ ಶಕರ್‌ಗಢ ವಲಯದಲ್ಲಿ, 1971ರ ಡಿಸೆಂಬರ್ 15ರ ರಾತ್ರಿ ಬಸಂತರ್ ನದಿಯಾಚೆಗೆ ನಮ್ಮ ಟ್ಯಾಂಕುಗಳು ದಾಟಲು ನೆಲಬಾಂಬುಗಳ ನಡುವೆ ದಾರಿ ಬಿಡಿಸಿದ 9ನೇ ಎಂಜಿನಿಯರ್ ರೆಜಿಮೆಂಟ್ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದೇ. ಹಾಗೆಂದು ನಿಮ್ಮ ದೊಡ್ಡಪ್ಪನವರನ್ನು ದಾಖಲೆ ನೋಡದೆ ಅಲ್ಲಿಗೆ ಕೊಂಡೊಯ್ದು ನಿಲ್ಲಿಸಬೇಡಿ.

ಕಾಗದದಲ್ಲಿ ಯುದ್ಧವಿಲ್ಲವೆಂದು ನಿಮಗೆ ಅಚ್ಚರಿಯಾಗಿದೆ, ನನಗೆ ಆಗಲಿಲ್ಲ. ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ, ಪಕ್ಕದಲ್ಲಿ ಯಾವ ತುಕಡಿ ಇದೆ ಎಂಬುದನ್ನು ಬರೆಯುವಂತಿರಲಿಲ್ಲ. ಬರೆದರೆ ಕಾಗದ ನಿಲ್ಲುತ್ತಿತ್ತು, ಬರೆದವನಿಗೂ ವಿಚಾರಣೆ ಕಾದಿರುತ್ತಿತ್ತು. ಅದಿಲ್ಲದಿದ್ದರೂ, ನೆಲಬಾಂಬು ತೆಗೆಯುವ ಕೆಲಸವನ್ನು ತಾಯಿಗೆ ಬರೆಯುವ ಮಗ ಯಾರು? ಟ್ರಂಕಿನಲ್ಲಿ ಮನಿಯಾರ್ಡರ್ ಕೂಪನ್‌ಗಳೂ ಇವೆಯೇ ನೋಡಿ. ಫಾರಂನ ಕೆಳತುದಿಯಲ್ಲಿ ಎರಡು ಮೂರು ಸಾಲು ಬರೆಯಲು ಜಾಗವಿದ್ದು, ಪೋಸ್ಟ್‌ಮನ್ ಹಣದೊಡನೆ ಆ ತುಂಡನ್ನು ಮನೆಯವರಿಗೆ ಕೊಟ್ಟು ಹೋಗುತ್ತಿದ್ದರು. ಅನೇಕ ಮನೆಗಳಲ್ಲಿ ಕಾಗದಗಳೆಂದು ಕಾಪಾಡಿಕೊಂಡವರೂ ಈ ಚೂರುಗಳನ್ನು ಲೆಕ್ಕದ ಚೀಟಿಗಳೆಂದು ಒಲೆಗೆ ಹಾಕಿದ್ದಾರೆ.

ಕೊನೆಯದಾಗಿ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋ ಟೇಪ್ ಅಂಟಿಸಬೇಡಿ. ಮಡಿಕೆಗಳನ್ನು ಬಿಡಿಸಿ ಸಮನಾಗಿ ಇಟ್ಟು, ವಿಳಾಸದ ಬದಿಯೂ ಸೇರಿದಂತೆ ಸ್ಕ್ಯಾನ್ ಮಾಡಿಸಿ. ಇಂಕ್ ಪೆನ್ನಿನಲ್ಲಿ ಬರೆದವಾಗಿದ್ದರೆ ಒದ್ದೆ ಕೈ ಸೋಕಿದರೂ ಅಕ್ಷರ ಕದಡುತ್ತದೆ.

ಉತ್ತರ: ಇತಿಹಾಸ ಅಧ್ಯಾಪಕಿ, ಕೋಲಾರ

ಸುಬೇದಾರ್ ಅವರು ಹೇಳಿದ ಮೌನಕ್ಕೆ ದೊಡ್ಡ ಪೂರ್ವೇತಿಹಾಸವೇ ಇದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರ ಕಾಗದಗಳನ್ನು ಬೊಲೋನ್ ಬಂದರಿನಲ್ಲಿ ಕುಳಿತ ಸೆನ್ಸಾರ್ ಅಧಿಕಾರಿಗಳು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಮಾಡಿಸಿ ವರದಿ ಕಳುಹಿಸುತ್ತಿದ್ದರು. ಆ ವರದಿಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ತಮ್ಮ ಕಾಗದ ಓದುತ್ತಾರೆಂದು ತಿಳಿದಿದ್ದ ಸೈನಿಕರು ಭಾರತೀಯ ಸಿಪಾಯಿಗಳನ್ನು ಕರಿಮೆಣಸೆಂದೂ ಬಿಳಿಯ ಸಿಪಾಯಿಗಳನ್ನು ಕೆಂಪು ಮೆಣಸಿನಕಾಯಿ ಎಂದೂ ಕರೆದು, ಕರಿಮೆಣಸೆಲ್ಲ ಮುಗಿಯುತ್ತಾ ಬಂತು ಎಂಬ ರೀತಿಯಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಅಲ್ಲಿ ನಮಗೆ ಉಳಿದಿರುವುದು ಹೆಚ್ಚಾಗಿ ಸೆನ್ಸಾರ್‌ನವರು ಆಯ್ದ ತುಣುಕುಗಳು ಮಾತ್ರ. ನಿಮ್ಮ ಮನೆಯಲ್ಲಿ ಮೂಲ ಕಾಗದವೇ, ಎಮ್ಮೆ, ಬಡ್ಡಿಗಳ ಸಮೇತ ಉಳಿದಿದೆ. ಸಂಚಿಕೆಯವರು ಈಗ ಅದನ್ನು ಆಯ್ದ ತುಣುಕುಗಳಾಗಿ ಮಾಡಲು ಹೊರಟಿರುವುದು ನನಗೆ ಸರಿಕಾಣುವುದಿಲ್ಲ.

ಯುದ್ಧದಿಂದ ಮನೆಗೆ ಬರೆದು, ಮುಂದೆ ಸಾರ್ವಜನಿಕ ಜೀವನದಲ್ಲಿ ಬಹಳ ಎತ್ತರಕ್ಕೆ ಹೋದವರ ಕಾಗದಗಳನ್ನೂ ನೋಡಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ಮ್ಯಾಕ್ಮಿಲನ್ 1915ರಲ್ಲಿ ಲೂಸ್ ಕದನದಲ್ಲಿಯೂ 1916ರ ಸೆಪ್ಟೆಂಬರ್‌ನಲ್ಲಿ ಸೋಮ್ ಕದನದಲ್ಲಿಯೂ ಗಾಯಗೊಂಡವರು. ಎರಡನೆಯ ಬಾರಿ ಗುಂಡಿಯೊಂದರಲ್ಲಿ ಗಂಟೆಗಟ್ಟಲೆ ಬಿದ್ದುಕೊಂಡು, ಜೇಬಿನಲ್ಲಿದ್ದ ಗ್ರೀಕ್ ನಾಟಕವನ್ನು ಓದುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ಅವರು ತಾಯಿಗೆ ತಪ್ಪದೆ ಬರೆಯುತ್ತಿದ್ದರು. ಮೈಲುಗಟ್ಟಲೆ ನೋಡಿದರೂ ಒಬ್ಬ ಮನುಷ್ಯನೂ ಕಾಣದ, ಆದರೆ ನೆಲದೊಳಗೆ ಸಾವಿರಾರು ಮಂದಿ ಅಡಗಿರುವ ರಣರಂಗದ ಬರಿದುತನವನ್ನು ಕುರಿತು 1916ರ ಮೇ ತಿಂಗಳಲ್ಲಿ ಅವರು ಬರೆದ ಕಾಗದವನ್ನು ಇಂದಿಗೂ ಇತಿಹಾಸಕಾರರು ಉಲ್ಲೇಖಿಸುತ್ತಾರೆ. 1924ರಲ್ಲಿ ಪಾರ್ಲಿಮೆಂಟಿಗೆ ಬಂದು, 1950ರ ದಶಕದಲ್ಲಿ ವಸತಿ ಮಂತ್ರಿಯಾಗಿ ವರ್ಷಕ್ಕೆ 3 ಲಕ್ಷ ಮನೆ ಕಟ್ಟಿಸುವ ಗುರಿ ಮುಟ್ಟಿ, 1957ರಿಂದ 1963ರವರೆಗೆ ಪ್ರಧಾನಿಯಾಗಿದ್ದ ಆ ಮನುಷ್ಯ, ತನ್ನ ಕೈಕೆಳಗಿದ್ದ ಸಾಮಾನ್ಯ ಸೈನಿಕರ ಒಡನಾಟದಿಂದಲೇ ಬಡವರ ಬದುಕನ್ನು ಅರಿತೆನೆಂಬ ಅರ್ಥದಲ್ಲಿ ಮಾತನಾಡುತ್ತಿದ್ದರು. ಅಲ್ಲಿ ಸಂಬಂಧವನ್ನು ಕಲ್ಪಿಸಿದವರು ಸ್ವತಃ ಅವರೇ, ಅದೂ ಹಿಂತಿರುಗಿ ನೋಡುತ್ತಾ. ಕಂದಕದಲ್ಲಿ ಕುಳಿತು ಬರೆಯುತ್ತಿದ್ದ ಹುಡುಗನಿಗೆ ತಾನು ಪ್ರಧಾನಿಯಾಗುವೆನೆಂದು ಗೊತ್ತಿರಲಿಲ್ಲ. ನಿಮ್ಮ ದೊಡ್ಡಪ್ಪನವರಿಗೂ 1965ರಲ್ಲಿ ಮಂಡಲ ಪಂಚಾಯಿತಿ ಎಂಬುದೊಂದು ಬರಲಿದೆಯೆಂದು ತಿಳಿದಿರುವುದು ಸಾಧ್ಯವಿರಲಿಲ್ಲ.

ಆದ್ದರಿಂದ ಕೆರೆಯ ವಿಷಯದಲ್ಲಿ ನಿಧಾನಿಸಿ ಎನ್ನುತ್ತೇನೆ. 1965 ಮತ್ತು 1966 ದೇಶದ ಬಹುಭಾಗಕ್ಕೆ ಬರಗಾಲದ ವರ್ಷಗಳು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡದ್ದು ಆ ಕಾಲದಲ್ಲೇ. ನದಿಯಿಲ್ಲದ, ಕಾಲುವೆಯಿಲ್ಲದ, ಮಳೆಗೂ ಕೆರೆಗೂ ಕೈಯೊಡ್ಡಿ ಕುಳಿತ ನಮ್ಮ ಸೀಮೆಯಿಂದ ಹೋದ ಯಾವ ಮಗನಾದರೂ ಕಾಗದದಲ್ಲಿ ಕೆರೆಯನ್ನು ಕೇಳದೆ ಇನ್ನೇನನ್ನು ಕೇಳುತ್ತಿದ್ದ? ಕೆರೆಯನ್ನು ವಿಚಾರಿಸಿದ ಸೈನಿಕರೆಲ್ಲ ಪ್ರಧಾನರಾಗಲಿಲ್ಲ, ಕೆರೆ ಒತ್ತಿಕೊಂಡವರ ಮನೆಗಳಿಂದಲೂ ಅಂಥ ಕಾಗದಗಳು ಸಿಕ್ಕಾವು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮೇಷ್ಟ್ರು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರೆಂದು ನೀವು ಹಾದುಹೋಗುವ ಮಾತಾಗಿ ಬರೆದಿದ್ದೀರಿ. ಅಂದರೆ ಆ ಕಾಗದವನ್ನು ಕೇಳುತ್ತಿದ್ದವರು ತಾಯಿ ತಂದೆಯರಷ್ಟೇ ಅಲ್ಲ. ನೆರೆಯವರು, ದಾಯಾದಿಗಳು, ಪ್ರಾಯಶಃ ಸಾಲ ಕೊಟ್ಟವರೂ ಕೇಳುತ್ತಿದ್ದರು, ಮತ್ತು ಅದು ಬರೆಯುವವನಿಗೆ ಚೆನ್ನಾಗಿ ಗೊತ್ತಿತ್ತು. ಬಡ್ಡಿ ಮುಟ್ಟಿತೇ ಎಂದು ಕೇಳುವಾಗ, ಈ ಮನೆ ಮಾತಿಗೆ ತಪ್ಪುವುದಿಲ್ಲವೆಂದು ಜಗಲಿಯಲ್ಲಿ ಕುಳಿತವರಿಗೂ ಅವನು ಹೇಳುತ್ತಿದ್ದಾನೆ. ತಮ್ಮನಿಗಷ್ಟೇ ಹೇಳಬೇಕಾದದ್ದನ್ನು ಅಂಚಿನಲ್ಲಿ ಅಡ್ಡಲಾಗಿ ಬರೆದದ್ದು ಜಾಗ ಸಾಲದೆಯೋ, ಮೇಷ್ಟ್ರು ಅದನ್ನು ಓದದೆ ಬಿಡಲೆಂದೋ? ಹಾಳೆಯಲ್ಲಿ ಬೇರೆಡೆ ಜಾಗ ಖಾಲಿ ಇದೆಯೇ ಎಂದು ಒಮ್ಮೆ ನೋಡಿದರೆ ನಿಮಗೇ ಉತ್ತರ ಸಿಗಬಹುದು. ಸಂಚಿಕೆಗೆ ಏನಾದರೂ ವ್ಯಾಖ್ಯಾನ ಬರೆಯುವುದಿದ್ದರೆ ಇದನ್ನು ಬರೆಯಿರಿ. ಊರಿನ ಮುಂದೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಎಂಬ ಎಚ್ಚರ ಆ ವಯಸ್ಸಿಗೇ ಅವರಲ್ಲಿ ಇತ್ತೆನ್ನಲು ಕಾಗದವೇ ಸಾಕ್ಷಿ ಕೊಡುತ್ತದೆ.

ಎಲ್ಲ ಕಾಗದಗಳನ್ನೂ ಹಾಕಬೇಕಾಗಿಲ್ಲ. ಕೆಲವನ್ನೇ ಆರಿಸಿ, ಆರಿಸಿದ್ದನ್ನು ಪೂರ್ತಿಯಾಗಿ, ಅವರ ಕಾಗುಣಿತದಲ್ಲೇ ಅಚ್ಚು ಹಾಕಿ. ಎದುರು ಪುಟದಲ್ಲಿ ಮೂಲದ ಚಿತ್ರವಿರಲಿ. ಬಾವುಟದ ಕೆಳಗೆ ಹೇಳಿದ ಕಥೆಗಳನ್ನು ಕೇಳಿದವರಿಂದ ಬರೆಸಿ ಬೇರೆಯಾಗಿ ಕೊಡಿ. ಮಕ್ಕಳ ಮುಂದೆ ಹೇಳಿದ್ದು ಸುಳ್ಳು, ಕಾಗದದಲ್ಲಿರುವುದು ನಿಜ ಎಂದೇನೂ ಅಲ್ಲ. ತಾಯಿಯ ಮುಂದೆ ಹೇಳಲಾಗದ್ದನ್ನು ಇಪ್ಪತ್ತು ವರ್ಷಗಳ ಮೇಲೆ ಶಾಲೆಯ ಮಕ್ಕಳ ಮುಂದೆ ಹೇಳಿದರು, ಅಷ್ಟೇ.

ಉತ್ತರ: ವಕೀಲರು, ಚಿಕ್ಕಬಳ್ಳಾಪುರ

ಕಾನೂನಿನ ಮಾತು ಚಿಕ್ಕದು. ಕಾಗದದ ಹಾಳೆ ಪಡೆದವರದು, ಅದರಲ್ಲಿನ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಖಾಸಗಿ ಪತ್ರಕ್ಕೂ ರಕ್ಷಣೆಯಿದೆ. ಬರೆದವರು ತೀರಿಕೊಂಡ ಮೇಲೆ ಆ ಹಕ್ಕು ಅವರ ವಾರಸುದಾರರಿಗೆ ಬರುತ್ತದೆ, ಮತ್ತು ಬದುಕಿದ್ದಾಗ ಪ್ರಕಟವಾಗದ ಬರಹ ಅನಂತರ ಪ್ರಕಟವಾದರೆ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ಟ್ರಂಕು ನಿಮ್ಮ ಮನೆಯಲ್ಲಿದ್ದರೂ ಒಪ್ಪಿಗೆ ಕೊಡಬೇಕಾದವರು ನಿಮ್ಮ ದೊಡ್ಡಮ್ಮ ಮತ್ತು ಅವರ ಮಕ್ಕಳು, ಬರವಣಿಗೆಯಲ್ಲೇ ಪಡೆದುಕೊಳ್ಳಿ. ಅತ್ತೆಯವರ ಆಕ್ಷೇಪಕ್ಕೆ ಈ ಕಾಯ್ದೆಯ ಬಲವಿಲ್ಲ, ಆದರೆ ಕಾಯ್ದೆ ಇಲ್ಲವೆಂದು ಅದನ್ನು ತಳ್ಳಿಹಾಕುವುದು ಮನೆತನದ ಮರ್ಯಾದೆಯಲ್ಲ. ಸಾಲದ ಪ್ರಸ್ತಾಪ ಇಲ್ಲದ ಕಾಗದಗಳನ್ನೇ ಆರಿಸುವುದು ಒಂದು ದಾರಿ. ಬಿಡಲೇಬೇಕಾದ ಸಾಲಿದ್ದರೆ ಅಲ್ಲಿ ಚುಕ್ಕಿಗಳನ್ನಿಟ್ಟು, ಬಿಟ್ಟಿದ್ದೇವೆಂದು ಅಡಿಯಲ್ಲಿ ಹೇಳಿಬಿಡಿ. ಸಾಲ ಕೊಟ್ಟವರ ಹೆಸರನ್ನಂತೂ ಖಂಡಿತ ಅಚ್ಚು ಹಾಕಬೇಡಿ, ಅವರ ಮೊಮ್ಮಕ್ಕಳು ಅದೇ ಊರಿನಲ್ಲಿರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರಗಳು. ಪದಕಗಳನ್ನು ನೋಡಿದೆ, ಪಶ್ಚಿಮಿ ಸ್ಟಾರ್ ಎಂದಿದೆ. ಬಾಂಗ್ಲಾ ಎಂದು ಯಾರು ಮೊದಲು ಹೇಳಿದರೋ, ಆ ಯುದ್ಧವನ್ನು ನಮ್ಮ ಕಡೆ ಎಲ್ಲರೂ ಹಾಗೇ ಕರೆಯುತ್ತಿದ್ದರಿಂದ ಮನೆಯಲ್ಲಿ ಹಾಗೆ ನಿಂತಿರಬೇಕು. ಅಂಚಿನ ಸಾಲಿದ್ದ ಇನ್‌ಲ್ಯಾಂಡಿನ ಮಡಿಚುವ ಭಾಗದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿಯೇ ಇದೆ. ಮನಿಯಾರ್ಡರ್ ಕೂಪನ್‌ಗಳು ತಾತನವರ ಪಹಣಿ ಕಾಗದಗಳ ನಡುವೆ ಸಿಕ್ಕಿದವು. ಒಂದರಲ್ಲಿ ಹಣವನ್ನು ಹೇಗೆ ಹಂಚಬೇಕೆಂದು ರೂಪಾಯಿ, ಪೈಸೆ ಸಮೇತ ಬರೆದು, ಕೊನೆಗೆ ಅಮ್ಮನಿಗೆ ಎಲೆ ಅಡಿಕೆಗೆ ಎಂದು ಪ್ರತ್ಯೇಕವಾಗಿ ಇಟ್ಟಿದ್ದಾರೆ. ಲಕೋಟೆಯಲ್ಲಿ ಬಂದ ಕೆಲವು ದೊಡ್ಡಮ್ಮನವರಿಗೆ ಬರೆದವು. ಅವುಗಳನ್ನು ಅಚ್ಚು ಹಾಕುವುದು ಬೇಡವೆಂದು ಅವರು ಹೇಳಿದ್ದಾರೆ, ನಾನು ಓದಿಯೂ ಇಲ್ಲ. ಇನ್ನು ಪ್ರಧಾನರಾಗಿದ್ದ ಕಾಲದ ಬಗ್ಗೆ ಊರಿನವರ ನೆನಪಿನ ಹೊರತು ನಮ್ಮಲ್ಲಿ ಕಾಗದವೇನೂ ಇಲ್ಲ. ಎಲ್ಲಿ ಹುಡುಕಬೇಕು?

ಉತ್ತರ: ಮಂಡಲ ಪಂಚಾಯಿತಿಯ ಮಾಜಿ ಕಾರ್ಯದರ್ಶಿ, ಶಿಡ್ಲಘಟ್ಟ

ನಡಾವಳಿ ಪುಸ್ತಕದಲ್ಲಿ ಹುಡುಕಬೇಕು. ಮಂಡಲದ ಪ್ರತಿ ಸಭೆಗೂ ಹಾಜರಿ, ವಿಷಯ, ಸೂಚಿಸಿದವರು, ಅನುಮೋದಿಸಿದವರು, ವಿರೋಧಿಸಿದವರು ಎಂದು ಬರೆದು ಸಹಿ ಹಾಕಿಸುತ್ತಿದ್ದೆವು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಮಂಡಲಗಳು ಗ್ರಾಮ ಪಂಚಾಯಿತಿಗಳಾಗಿ ಒಡೆದಾಗ, ಮಂಡಲದ ಕಚೇರಿ ಯಾವ ಊರಿನಲ್ಲಿತ್ತೋ ಸಾಮಾನ್ಯವಾಗಿ ಅಲ್ಲಿನ ಬೀರುವಿನಲ್ಲೇ ಹಳೆಯ ಪುಸ್ತಕಗಳು ಉಳಿದವು. ಅಲ್ಲಿಲ್ಲದಿದ್ದರೆ ತಾಲ್ಲೂಕು ಪಂಚಾಯಿತಿಯ ದಾಖಲೆ ಕೊಠಡಿಯಲ್ಲಿ ಕೇಳಿ. ಆಗ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಜಿಲ್ಲಾ ಪರಿಷತ್ತಿಗೆ ಹೋದ ಕಾಗದಗಳಿಗಾಗಿ ಕೋಲಾರಕ್ಕೇ ಹೋಗಬೇಕಾದೀತು.

ಅಧ್ಯಾಪಕಿಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಆ ಎಲೆ ಅಡಿಕೆಯ ಕೂಪನ್ ಓದಿದಾಗ ನನಗೆ ನಮ್ಮ ಕಾಲದ ಮಾಜಿ ಸೈನಿಕ ಸದಸ್ಯರು ನೆನಪಾದರು. 1989ರಲ್ಲಿ ಹಳ್ಳಿಗರಿಗೆ ಕೂಲಿ ಕೆಲಸ ಕೊಡುವ ಜವಾಹರ್ ರೋಜ್‌ಗಾರ್ ಯೋಜನೆ ಬಂದು ಹಣ ನೇರವಾಗಿ ಮಂಡಲಕ್ಕೆ ಇಳಿಯತೊಡಗಿದಾಗ, ಯಾವ ಊರಿನ ರಸ್ತೆಗೆ ಎಷ್ಟು, ಯಾವ ಶಾಲೆಯ ಕೋಣೆಗೆ ಎಷ್ಟು ಎಂದು ಚೀಟಿಯಲ್ಲಿ ಬರೆದು ತರುತ್ತಿದ್ದವರು ಅವರೇ. ಕೂಪನ್ನಿನ ಲೆಕ್ಕವನ್ನೂ ನಡಾವಳಿಯ ಲೆಕ್ಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಹೋಲಿಕೆ ಕಂಡರೆ ಬರೆಯಲು ಅಡ್ಡಿಯಿಲ್ಲ, ಕಾಣದಿದ್ದರೆ ಬಿಡಿ. ಹಾಗೆಂದು ಸಮವಸ್ತ್ರ ತೊಟ್ಟಿದ್ದರಿಂದಲೇ ಜನ ಓಟು ಹಾಕಿದರೆಂದು ಮಾತ್ರ ಬರೆಯಬೇಡಿ. ನಾನು ಕಂಡಂತೆ ಮಂಡಲದ ಚುನಾವಣೆ ಎಂದರೆ ಜಾತಿ, ನೆಂಟಸ್ತಿಕೆ, ಹಳೆಯ ಜಿದ್ದು ಎಲ್ಲವೂ ಸೇರಿದ ವ್ಯವಹಾರ. ಪ್ರಧಾನರನ್ನು ಸದಸ್ಯರೇ ಆರಿಸುತ್ತಿದ್ದುದರಿಂದ ಒಳಗಿನ ಒಪ್ಪಂದಗಳೂ ಇರುತ್ತಿದ್ದವು. ನಿಮ್ಮ ದೊಡ್ಡಪ್ಪನವರು ಅದೆಲ್ಲವನ್ನೂ ನಿಭಾಯಿಸಿಯೇ ಆ ಕುರ್ಚಿಯಲ್ಲಿ ಕುಳಿತಿರಬೇಕು, ಅದರಲ್ಲಿ ಕೀಳಾದದ್ದೇನೂ ಇಲ್ಲ.

ಆ ಮಂಡಲಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿದ್ದವು. ಅಂದಿನ ಸದಸ್ಯೆಯರಲ್ಲಿ ಕೆಲವರಾದರೂ ಈಗಲೂ ಇದ್ದಾರು. ಸಂಚಿಕೆಯವರು ಗಂಡಸರನ್ನಷ್ಟೇ ಮಾತನಾಡಿಸಿ ಮುಗಿಸಿಬಿಡುತ್ತಾರೆ, ನೀವು ಅವರನ್ನು ಕೇಳಿ. ಕೊಳವೆಬಾವಿಯ ಕೈಪಂಪು ಯಾವ ಕೇರಿಗೆ ಮೊದಲು ಬಂತು, ಯಾವ ಕೇರಿಗೆ ಕೊನೆಗೆ ಬಂತು ಎಂಬುದನ್ನು ಅವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು, ಮತ್ತು ಒಬ್ಬ ಪ್ರಧಾನ ಎಂಥವನೆಂಬುದು ಆ ಕ್ರಮದಲ್ಲೇ ಗೊತ್ತಾಗುತ್ತದೆ. ಕೆರೆಯ ಒತ್ತುವರಿ ಬಿಡಿಸಿದ ಸಂಗತಿಗೆ ಮಂಡಲದ ನಿರ್ಣಯದ ಜೊತೆಗೆ ತಹಶೀಲ್ದಾರರ ಕಚೇರಿಯ ಕಡತವೂ ಇರಬೇಕು.

ಪಂಚಾಯಿತಿಯಲ್ಲಿ ಬಾಯಿಮಾತಿಗೆ ಪುಸ್ತಕ ತೆಗೆಯದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಿ. ನಕಲು ಕೇಳುವ ಮೊದಲು ಪರಿಶೀಲನೆಗೆ ಅವಕಾಶ ಕೇಳಿ, ಮಂಡಲದ ಹೆಸರನ್ನೂ 1987ರಿಂದ 1992ರವರೆಗಿನ ನಡಾವಳಿ ಪುಸ್ತಕಗಳು ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಸಂಚಿಕೆಯ ಅಚ್ಚಿನ ದಿನವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಲು ಯುವಕರಿಗೆ ಈಗಲೇ ಹೇಳಿಬಿಡಿ.